ಫ್ರಿಜ್ಜಿನಲ್ಲಿಟ್ಟ ಬೆಳಕು

ಅವರ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಒಂದು ಬಟಾಣಿ ಪೊಟ್ಟಣ, ಅದರ ಹಿಂದೆ ಮುಚ್ಚಳವಿಲ್ಲದ ಒಂದು ಪ್ಲಾಸ್ಟಿಕ್ ಡಬ್ಬಿ, ಡಬ್ಬಿಯ ತುಂಬ ಗೇಣುದ್ದದ ಕಡ್ಡಿಗಳು. ಮನೆಗೆ ಯಾರೇ ಬರಲಿ, ಕಾಫಿ ಲೋಟ ಕೆಳಗಿಡುವ ಮೊದಲೇ ಮಾವ ಆ ವಿಷಯ ತೆಗೆಯುತ್ತಿದ್ದರು.

"ಬೇರೆಯವರ ಸೊಸೆಯಂದಿರು ಬಂಗಾರ ಬಚ್ಚಿಡ್ತಾರೆ. ನಮ್ಮವಳು ಬೆಳಕು ಬಚ್ಚಿಟ್ಟಿದ್ದಾಳೆ, ಬಟಾಣಿ ಹಿಂದೆ."

"ಬಂಗಾರ ಕೊಡಿಸೋರು ಯಾರಿದ್ದಾರೆ ಮಾವ?" ಎಂದು ಅಡುಗೆಮನೆಯಿಂದ ಉತ್ತರ ಬರುತ್ತಿತ್ತು.

"ನೋಡಿದ್ರಾ, ಬಾಯಿ ಒಂದನ್ನ ಫ್ರಿಜ್ಜಿನಲ್ಲಿಡೋಕೆ ಮರೆತಿದ್ದಾಳೆ."

ಬೀದಿಯವರು ಅವಳನ್ನು ಟೆಂಟಕ್ಕ ಎಂದು ಕರೆಯುತ್ತಿದ್ದರು. ಬೆಟ್ಟ ಹತ್ತುವವರಿಗೆ, ಕಾಡಂಚಿನಲ್ಲಿ ಎರಡು ದಿನ ಇದ್ದು ಬರುವವರಿಗೆ ಟೆಂಟು, ಮಲಗುವ ಚೀಲ, ಲಾಟೀನು, ಹಗ್ಗ ಬಾಡಿಗೆಗೆ ಕೊಡುವ ಅಂಗಡಿಯೊಂದರ ನೆಲಮಾಳಿಗೆಯಲ್ಲಿ ಕೂತು, ಹರಿದು ಬಂದ ಟೆಂಟುಗಳನ್ನು ಹೊಲಿಯುವುದು ಇಪ್ಪತ್ತು ವರ್ಷಗಳಿಂದ ಅವಳ ಕೆಲಸ. ಸ್ವತಃ ಒಂದು ದಿನವೂ ಟೆಂಟಿನಲ್ಲಿ ಮಲಗಿದವಳಲ್ಲ. ಅದಕ್ಕೆ ಅವಳಿಗೆ ಬೇಸರವೂ ಇರಲಿಲ್ಲ. ಅಂಗಡಿಯ ಯಜಮಾನರಾದರೂ ಏನು ಮಹಾ? ಕೊರಳಲ್ಲಿ ಸದಾ ಒಂದು ಸೀಟಿ ತೂಗಿಸಿಕೊಂಡಿರುತ್ತಿದ್ದ ಅವರಿಗೆ ಕ್ಯಾಪ್ಟನ್ ಎಂಬ ಹೆಸರು ಅಂಟಿತ್ತು. ಅಂಗಡಿಯ ಮೆಟ್ಟಿಲಿಗಿಂತ ಎತ್ತರದ್ದನ್ನು ಅವರು ಹತ್ತಿದ್ದನ್ನು ಯಾರೂ ನೋಡಿರಲಿಲ್ಲ.

ಗಂಡ ಲೈನ್‌ಮನ್. ಊರಿಗೆ ಕರೆಂಟು ಹೋದಾಗಲೆಲ್ಲ ಅವಳ ಮನೆಯಿಂದ ಎರಡು ಹೋಗುತ್ತಿದ್ದವು: ದೀಪ ಮತ್ತು ಗಂಡ. ಬೇರೆ ಮನೆಗಳಲ್ಲಿ ಕತ್ತಲಾದರೆ ಜನ ಒಂದು ಕಡೆ ಸೇರುತ್ತಾರೆ. ಇಲ್ಲಿ ಅವನು ಮಳೆಕೋಟು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದ, ಅವಳು ಮತ್ತು ಮಾವ ಬಾಗಿಲ ಬಳಿ ಕೂತು ಯಾವುದೋ ಕಂಬದ ಮೇಲಿರಬಹುದಾದ ಅವನನ್ನು ನೆನೆಯುತ್ತ, ಅದನ್ನು ಮಾತ್ರ ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದರು.

ಕಡ್ಡಿಯ ಕತೆ ಶುರುವಾದದ್ದು ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷ. ವಾಪಸ್ಸು ಬಂದ ಟೆಂಟನ್ನು ನೆಲಮಾಳಿಗೆಯಲ್ಲಿ ನಿಲ್ಲಿಸಿ, ಒಳಗೆ ತೆವಳಿ, ಜಿಪ್ಪು ಎಳೆದುಕೊಂಡು ಕೂರುವುದು ಅವಳ ಪದ್ಧತಿ. ಹೊರಗೆ ಟ್ಯೂಬ್‌ಲೈಟು ಉರಿಯುತ್ತಿರುತ್ತದೆ. ಬಟ್ಟೆಯಲ್ಲಿ ತೂತಿದ್ದರೆ ಅಲ್ಲೊಂದು ಚುಕ್ಕಿ ಹೊಳೆಯುತ್ತದೆ. ಚುಕ್ಕಿಯ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆಯಬೇಕು, ಆಮೇಲೆ ತೇಪೆ. ಅವತ್ತು ಹಾಗೆ ಕೂತಿದ್ದಾಗ ಮೂಲೆಯ ಕಿಸೆಯಲ್ಲಿ ಏನೋ ಹಸಿರಾಗಿ ಬೆಳಗುತ್ತಿತ್ತು. ಯಾವುದೋ ಹುಳ ಇರಬೇಕೆಂದು ಉಸಿರು ಹಿಡಿದು ನೋಡಿದಳು. ಅದು ಅಲುಗಲಿಲ್ಲ. ಬೆರಳ ತುದಿಯಿಂದ ಮುಟ್ಟಿದಳು, ಬಿಸಿಯಿರಲಿಲ್ಲ; ಗೇಣುದ್ದದ ಒಂದು ಪ್ಲಾಸ್ಟಿಕ್ ಕಡ್ಡಿ. ತಂತಿ ಇಲ್ಲ, ಸ್ವಿಚ್ಚಿಲ್ಲ, ಸೆಲ್ಲಿಲ್ಲ. ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದರೆ ಬೆರಳುಗಳ ಸಂದಿಯಿಂದ ಹಸಿರು ಸೋರುತ್ತಿತ್ತು, ಚರ್ಮದೊಳಗಿನ ನೆತ್ತರು ಕೂಡ ಕಾಣುವಂತೆ.

ಸಂಜೆ ಅದನ್ನು ಮನೆಗೆ ತಂದು ಮಾವನ ಮುಂದಿಟ್ಟಳು. ಮಾವ ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಕೈ ನಡುಗತೊಡಗಿದ ಮೇಲೆ ಅಂಗಡಿ ಮುಚ್ಚಿದ್ದರು, ಆದರೆ ಕಣ್ಣಿಗೆ ಕಚ್ಚಿಸಿಕೊಳ್ಳುವ ಭೂತಗನ್ನಡಿ ಇನ್ನೂ ಜೇಬಿನಲ್ಲೇ ಇರುತ್ತಿತ್ತು. ಅದನ್ನು ಹಾಕಿಕೊಂಡು ಕಡ್ಡಿಯನ್ನು ಹಿಂದೆ ಮುಂದೆ ತಿರುಗಿಸಿದರು.

"ಒಳಗೆ ಒಂದು ರಸ. ಆ ರಸದೊಳಗೆ ಗಾಜಿನ ನಳಿಗೆ, ನಳಿಗೆಯೊಳಗೆ ಇನ್ನೊಂದು ರಸ. ಬಗ್ಗಿಸಿದರೆ ಗಾಜು ಟಕ್ಕಂತ ಒಡೆಯತ್ತೆ, ಎರಡೂ ಸೇರತ್ವೆ. ಸೇರಿದ ಖುಷಿಗೆ ಬೆಳಗತ್ವೆ, ಅಷ್ಟೇ. ಏನೂ ಉರಿಯಲ್ಲ."

"ಆರಿಸೋದು ಹೇಗೆ?"

"ಆರಿಸೋಕಾಗಲ್ಲ. ಒಮ್ಮೆ ಹತ್ತಿದರೆ ಮುಗಿಯೋ ತನಕ."

ಆ ಮಾತು ಸುಳ್ಳೆಂದು ಗೊತ್ತಾದದ್ದು ಅವಳ ಮರೆವಿನಿಂದ. ಅವತ್ತೇ ರಾತ್ರಿ ಕಡ್ಡಿ ಕೈಯಲ್ಲಿ ಹಿಡಿದೇ ಬಟಾಣಿ ತೆಗೆಯಲು ಹೋಗಿ, ಬಟಾಣಿ ತೆಗೆದುಕೊಂಡು ಕಡ್ಡಿಯನ್ನು ಒಳಗಿಟ್ಟು ಬಂದಿದ್ದಳು. ಮಾರನೆಯ ದಿನ ಅದು ಸಪ್ಪೆಯಾಗಿ ಬಿದ್ದಿತ್ತು. ಸತ್ತಿತೆಂದು ಕಿಟಕಿಯ ಕಟ್ಟೆಯ ಮೇಲೆ ಎಸೆದಳು. ಸಂಜೆ ಪರದೆ ಎಳೆಯಲು ಹೋದರೆ, ಕಿಟಕಿಯ ಮೂಲೆಯಲ್ಲಿ ಅದೇ ಹಸಿರು ಮತ್ತೆ ಕಣ್ಣು ಬಿಟ್ಟಿತ್ತು. ಅವಳು ಪರದೆ ಹಿಡಿದು ಹಾಗೇ ನಿಂತಳು. ಚಳಿಯಲ್ಲಿ ಬೆಳಕು ಮಲಗುತ್ತದೆ, ಬೆಚ್ಚಗಾದರೆ ಏಳುತ್ತದೆ. ಈ ಒಂದು ಸಂಗತಿ ಲೋಕಕ್ಕೆಲ್ಲ ಗೊತ್ತಿದ್ದೂ ತನಗೆ ಮಾತ್ರ ಬೇರೆಯಾಗಿ ಹೇಳಿದಂತಿತ್ತು ಅವಳಿಗೆ.

ಅಂದಿನಿಂದ ಟೆಂಟುಗಳ ಕಿಸೆಯಲ್ಲಿ ಸಿಕ್ಕಿದ ಅರೆಬರೆ ಕಡ್ಡಿಗಳೆಲ್ಲ ಮನೆಗೆ ಬಂದವು. ಶಿಬಿರಕ್ಕೆ ಹೋದವರು ಟೆಂಟಿನ ಹಗ್ಗಕ್ಕೆ, ನೀರಿನ ಕ್ಯಾನಿಗೆ, ಕಾಲುದಾರಿಯ ಪೊದೆಗೆ ಕಟ್ಟಿ, ಬೆಳಗಾದ ಮೇಲೆ ಮರೆತುಬಿಟ್ಟ ಕಡ್ಡಿಗಳು. ಪ್ರತಿಯೊಂದಕ್ಕೂ ಟೆಂಟಿನ ಬಟ್ಟೆಯ ಚೂರು ಸುತ್ತಿ, ಎಷ್ಟು ಆಯಸ್ಸು ಉಳಿದಿರಬಹುದೆಂದು ಅಂದಾಜಿನಲ್ಲಿ ಬರೆಯುತ್ತಿದ್ದಳು: ಎರಡು ತಾಸು, ಐದು ತಾಸು, ಊಟ ಮಾಡುವಷ್ಟು. ಕರೆಂಟು ಹೋದಾಗ ಒಂದನ್ನು ತೆಗೆದು ಬಚ್ಚಲಿಗೆ ತೂಗುಹಾಕುವಳು, ಇನ್ನೊಂದನ್ನು ಮಾವನ ಊರುಗೋಲಿಗೆ ಕಟ್ಟುವಳು. ಕರೆಂಟು ಬಂದೊಡನೆ ಮತ್ತೆ ಬಟಾಣಿಯ ಹಿಂದಕ್ಕೆ. ಹೀಗೆ ಡಬ್ಬಿ ತುಂಬಿತು.

ಅವಳಿಗಾಗಲಿ, ಗಡಿಯಾರದ ಹೊಟ್ಟೆಯ ಕೂದಲೆಳೆ ಸ್ಪ್ರಿಂಗನ್ನೂ ಹುಡುಕಿ ತೆಗೆದ ಮಾವನಿಗಾಗಲಿ, ಅಷ್ಟು ವರ್ಷ ಒಂದು ವಿಷಯ ಹೊಳೆದಿರಲಿಲ್ಲ.

ಅದು ಹೊಳೆದದ್ದು ಗಾಳಿ ಬೀಸಿದ ಮೂರನೆಯ ದಿನ. ಗಾಳಿ ಸಂಜೆ ಎದ್ದು ಒಂದೇ ತಾಸಿನಲ್ಲಿ ಮುಗಿದುಹೋಗಿತ್ತು. ಅಷ್ಟರಲ್ಲೇ ಕಂಬಗಳು ಸಾಲಾಗಿ ಮಲಗಿದ್ದವು, ನೂಲಿನ ಗಿರಣಿಯ ಹಿಂದಿನ ಕೆಲಸಗಾರರ ಮನೆಗಳ ತಗಡುಗಳು ಕಾಗದದಂತೆ ಹಾರಿಹೋಗಿದ್ದವು. ಗಂಡ ಅವತ್ತು ಹೋದವನು ಮನೆಗೆ ಬಂದಿರಲಿಲ್ಲ. ನಿನ್ನೆ ಒಮ್ಮೆ ಜೀಪಿನಲ್ಲಿ ಬೀದಿಯ ತುದಿಯಿಂದಲೇ ಕೈ ಬೀಸಿ ಹೋಗಿದ್ದ. ಫೋನುಗಳೆಲ್ಲ ಉಸಿರು ನಿಲ್ಲಿಸಿದ್ದವು. ಅವಳು ಎರಡು ದಿನವೂ ಫ್ರಿಜ್ಜಿನ ಬಾಗಿಲು ತೆರೆದಿರಲಿಲ್ಲ; ತಂಪು ಹೋಗದಿರಲಿ ಎಂಬ ಜಾಣತನ. ಆ ಎರಡು ಸಂಜೆಗೆ ಅಡುಗೆಮನೆಯ ಕಪಾಟಿನ ಮೇಣದಬತ್ತಿಗಳೇ ಸಾಕಾಗಿದ್ದವು.

ಮೂರನೆಯ ದಿನ ಬೆಳಿಗ್ಗೆ ಹಾಲು ಕೆಟ್ಟಿರಬಹುದೆಂದು ಹೋದಳು. ಅಡುಗೆಮನೆಗೆ ಪಕ್ಕದ ಮನೆಯ ಗೋಡೆ ಅಡ್ಡ, ಹಗಲಲ್ಲೂ ಅರೆಗತ್ತಲೆ. ಫ್ರಿಜ್ಜಿನ ಮೇಲಿನ ಬಾಗಿಲಿನ ಅಂಚಿನಲ್ಲಿ, ರಬ್ಬರು ಸ್ವಲ್ಪ ಸಡಿಲವಾಗಿದ್ದ ಕಡೆ, ಒಂದು ಎಳೆ ಬೆಳಕು. ಕರೆಂಟು ಬಂತೇನೋ ಎಂದುಕೊಂಡು ಬಾಗಿಲು ಎಳೆದಳು.

ಹಸಿರು, ನೀಲಿ, ಹಳದಿ, ಕಿತ್ತಳೆ, ಒಂದೆರಡು ಗುಲಾಬಿ, ಇಪ್ಪತ್ತೆಂಟು ಕಡ್ಡಿಗಳೂ ಒಟ್ಟಿಗೆ ಎದ್ದಿದ್ದವು. ಕರಗುತ್ತಿದ್ದ ಮಂಜಿನ ಗೋಡೆಗಳು ಆ ಬಣ್ಣಗಳನ್ನೆಲ್ಲ ಹೀರಿಕೊಂಡು, ಹನಿಹನಿಯಾಗಿ ಬಿಡುತ್ತಿದ್ದವು. ಬೀಳುವ ಪ್ರತಿ ಹನಿಯೂ ಒಂದು ಬಣ್ಣ. ಬೆಳಕು ಹೊರಗೆ ಹರಿದು ಒಲೆಯ ಕಟ್ಟೆಗೆ, ತಟ್ಟೆಗಳ ಸಾಲಿಗೆ, ಅವಳ ಎದೆಗೆ, ಕೈಗೆ ಬಿತ್ತು. ಸದ್ದಿಲ್ಲ, ಬಿಸಿಯಿಲ್ಲ. ಊರಿಗೆ ಊರೇ ಕತ್ತಲಲ್ಲಿ ಕೂತಿದ್ದಾಗ, ಸತ್ತ ಫ್ರಿಜ್ಜಿನೊಳಗೆ ಇಷ್ಟೆಲ್ಲ ನಡೆದಿತ್ತು. ಅವಳಿಗೆ ಕೈಮುಗಿಯಬೇಕೆನಿಸಿತು, ಯಾರಿಗೆ ಎಂದು ಗೊತ್ತಾಗಲಿಲ್ಲ.

"ಮಾವ, ಇಲ್ಲಿ ಬನ್ನಿ."

ಮಾವ ಊರುಗೋಲು ಊರುತ್ತ ಬಂದರು. ನೋಡಿದರು. ಆಮೇಲೆ ಮೆಲ್ಲಗೆ ಅಂದರು, "ಕರೆಂಟು ಹೋದಾಗ ಬೇಕು ಅಂತ ಬಚ್ಚಿಟ್ಟಿದ್ದು. ಬಚ್ಚಿಟ್ಟಿದ್ದು ಎಲ್ಲಿ? ಕರೆಂಟಿನ ಪೆಟ್ಟಿಗೆಯಲ್ಲಿ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಅವಳಿಗೇ ತಿಳಿಯಲಿಲ್ಲ.

"ಇಪ್ಪತ್ತು ವರ್ಷ," ಎಂದರು ಮಾವ. "ನಾನೂ ನೋಡ್ತಾನೇ ಇದ್ದೆ. ನಾನು ರಿಪೇರಿ ಮಾಡಿದ ಗಡಿಯಾರ ಕಟ್ಟಿಕೊಂಡೋರು ಇನ್ನೂ ಸರಿಯಾದ ಸಮಯಕ್ಕೆ ಬಸ್ಸು ಹತ್ತುತ್ತಿದ್ದಾರಾ ಅಂತ ಈಗ ಅನುಮಾನ."

ಮತ್ತೆ ತಣ್ಣಗೆ ಮಾಡುವಂತಿರಲಿಲ್ಲ. ಉಕ್ಕುತ್ತಿರುವ ಹಾಲನ್ನು ನೋಡುತ್ತ ನಿಂತಂತೆ ಅವಳು ನಿಂತಿದ್ದಳು. ಸಂಜೆಯೊಳಗೆ ಎಲ್ಲ ಮುಗಿದುಹೋಗುವ ಬೆಳಕು. ಹಗಲು ಹೊತ್ತಿನಲ್ಲಿ, ಯಾರಿಗೂ ಬೇಡದೆ.

ಆಗ ಬೀದಿಯಲ್ಲಿ ಸೀಟಿ ಕೇಳಿಸಿತು. ಕ್ಯಾಪ್ಟನ್ ಬಾಗಿಲಿಗೇ ಬಂದಿದ್ದರು, ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು.

"ಟೆಂಟಕ್ಕಾ, ಶಾಲೆ ಮೈದಾನದಲ್ಲಿ ಹದಿನಾರು ಮನೆಯವರು ಕೂತಿದ್ದಾರೆ. ಶಾಲೆಯ ಮಾಡೂ ಹಾರಿಹೋಗಿದೆ. ಗಟ್ಟಿಯಿದ್ದ ಐದು ಟೆಂಟು ಕೊಟ್ಟುಬಿಟ್ಟೆ. ಉಳಿದ ಹನ್ನೊಂದು ನಿಮ್ಮ ಮೂಲೆಯಲ್ಲಿ ಹರಿದು ಬಿದ್ದಿವೆ. ಸಂಜೆಗೆ ಮತ್ತೆ ಮಳೆ ಅಂತಿದ್ದಾರೆ. ಇಸ್ತ್ರಿ ಮಾಡ್ತಿದ್ದಳಲ್ಲ ಗಿರಣಿ ಹತ್ರ, ಅವಳ ಕೂಸಿಗೆ ಇನ್ನೂ ಹನ್ನೆರಡು ದಿನ."

"ನೆಲಮಾಳಿಗೆ ಕಗ್ಗತ್ತಲೆ ಇರತ್ತಲ್ಲ ಸಾರ್."

"ಲಾಟೀನು, ಬ್ಯಾಟರಿ ಎಲ್ಲ ಮೊದಲ ದಿನವೇ ಆಸ್ಪತ್ರೆಗೆ ಕಳಿಸಿದ್ದೀನಿ. ಮೇಣದಬತ್ತಿ..." ಎಂದವರು ತಾವೇ ನಿಲ್ಲಿಸಿದರು. ತೇಪೆ ಅಂಟಿಸುವ ಅಂಟಿನ ಡಬ್ಬಿಗಳು, ನೈಲಾನಿನ ರಾಶಿ. ಆ ಕೋಣೆಗೆ ಬೆಂಕಿಕಡ್ಡಿ ಕೂಡ ಒಯ್ಯುವ ಹಾಗಿರಲಿಲ್ಲ. ಹೊಲಿಗೆ ಮಿಷನ್ನನ್ನು ಮೇಲೆ ತರೋಣವೆಂದರೆ, ಆ ಕಬ್ಬಿಣದ ಕಾಲುಮಿಷನ್ನು ಕೆಳಗೆ ಇಳಿದದ್ದು ಮೆಟ್ಟಿಲು ಕಟ್ಟುವ ಮೊದಲು. ಮೆಟ್ಟಿಲು ಕಟ್ಟಿದ ಮೇಸ್ತ್ರಿ ಅದರ ಅಗಲ ಕೇಳಿರಲಿಲ್ಲ.

ಅವಳು ಒಳಗೆ ಹೋಗಿ, ಡಬ್ಬಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ತಂದಳು. ಬಟ್ಟೆಯ ನೇಯ್ಗೆಯಿಂದ ಬಣ್ಣ ಜಿನುಗುತ್ತಿತ್ತು.

"ಇದೇನಕ್ಕಾ?"

"ನಿಮ್ಮ ಗಿರಾಕಿಗಳು ಮರೆತಿದ್ದು ಸಾರ್. ನಡೀರಿ, ಇದು ಕಾಯಲ್ಲ."

ನೆಲಮಾಳಿಗೆಯ ಮೆಟ್ಟಿಲಿಗೆ ಕಡಿಮೆ ಆಯಸ್ಸಿನವು, ನೆಲದ ಮೇಲೆ ದಾರಿಗೆ ಕಿತ್ತಳೆ, ಮಿಷನ್ನಿನ ತೋಳಿಗೆ, ಸೂಜಿಯ ಎರಡೂ ಬದಿಗೆ ಗಟ್ಟಿ ಹಸಿರಿನ ನಾಲ್ಕು. ಒಂದನ್ನು ಅವಳು ಬಳೆಯಂತೆ ಬಗ್ಗಿಸಿ ಕೈಗೆ ಕಟ್ಟಿಕೊಂಡಳು. ಮೊದಲ ಟೆಂಟನ್ನು ನಿಲ್ಲಿಸಿದಾಗ ಅಭ್ಯಾಸಬಲದಿಂದ ಒಳಗೆ ತೆವಳಲು ಬಗ್ಗಿದವಳು ನಿಂತಳು. ಹೊರಗೆ ಟ್ಯೂಬ್‌ಲೈಟಿಲ್ಲ, ಒಳಗೆ ಕೂತು ನೋಡುವುದೇನನ್ನು? ಒಂದು ಗಳಿಗೆ ಯೋಚಿಸಿ, ಹತ್ತು ಕಡ್ಡಿಗಳ ಒಂದು ಕಟ್ಟನ್ನು ಟೆಂಟಿನೊಳಗಿಟ್ಟು, ಜಿಪ್ಪು ಎಳೆದು, ತಾನು ಹೊರಗಿನ ಕತ್ತಲಿಗೆ ಹಿಂದೆ ಸರಿದಳು.

ಟೆಂಟಿನ ತುಂಬ ನಕ್ಷತ್ರಗಳು.

ಸೂಜಿ ಮೊನೆಯಷ್ಟು, ಸಾಸಿವೆಯಷ್ಟು, ಉಗುರಿನಷ್ಟು. ಒಂದು ಕಡೆ ಹರಿದದ್ದು ಉಲ್ಕೆಯ ಗೀರಿನಂತೆ. ಮಾಡಿನ ನಡುಹೊಲಿಗೆಯ ಉದ್ದಕ್ಕೂ ಸಣ್ಣ ಸಣ್ಣ ಚುಕ್ಕಿಗಳ ಹೊಳೆ. ಟ್ಯೂಬ್‌ಲೈಟಿನಲ್ಲಿ ಅವಳ ಕಣ್ಣಿಗೆ ಎಂದೂ ಬೀಳದಿದ್ದ ತೂತುಗಳೆಲ್ಲ ಈಗ ತಾವಾಗಿಯೇ ಹೆಸರು ಹೇಳುತ್ತಿದ್ದವು. ಕ್ಯಾಪ್ಟನ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದರು, ಅದು ಸದ್ದು ಮಾಡೀತೆಂಬಂತೆ.

"ಬೆಟ್ಟದ ಮೇಲೆ ಹೀಗೇ ಕಾಣತ್ತೆ ಅಂತ ಗಿರಾಕಿಗಳು ಹೇಳ್ತಾರೆ," ಎಂದರು ಆಮೇಲೆ.

"ನೀವು ನೋಡಿಲ್ವಾ ಸಾರ್?"

"ಎತ್ತರ ಅಂದರೆ ನಂಗೆ ತಲೆ ಸುತ್ತತ್ತೆ ಕಣಕ್ಕಾ. ಯಾರಿಗೂ ಹೇಳಬೇಡಿ."

"ಎಲ್ಲರಿಗೂ ಗೊತ್ತು ಸಾರ್. ಆ ಮೂಲೆ ಹಿಡ್ಕೊಳ್ಳಿ."

ಕೆಲಸ ಹಿಡಿಯಿತು. ಸೀಮೆಸುಣ್ಣದ ಗೆರೆ, ಅಂಟು, ತೇಪೆ, ಜೋಡಿ ಹೊಲಿಗೆ. ಅವಳ ಕಾಲು ತುಳಿಯುತ್ತಿತ್ತು, ಸೂಜಿ ಹಸಿರು ಬೆಳಕಿನಲ್ಲಿ ಏಳುತ್ತ ಬೀಳುತ್ತ ಇತ್ತು. ಮಧ್ಯಾಹ್ನಕ್ಕೆ ಮಾವ ಬುತ್ತಿ ಮತ್ತು ಬಿಸಿನೀರಿನ ಫ್ಲಾಸ್ಕು ಹಿಡಿದು ಬಂದರು. ಮೆಟ್ಟಿಲಲ್ಲಿ ಕ್ಯಾಪ್ಟನ್ ಕೈ ಹಿಡಿಯಹೋದರೆ, "ನಾನು ಬೀಳಲ್ಲ, ನೀವು ಬಿದ್ದೀರಿ" ಎಂದು ಗದರಿದರು. ಮನೆಗೆ ಹೋಗಿ ಅಂದರೂ ಹೋಗಲಿಲ್ಲ. ಭೂತಗನ್ನಡಿ ಕಣ್ಣಿಗೆ ಕಚ್ಚಿಸಿಕೊಂಡು ಕಡ್ಡಿಗಳ ಉಸ್ತುವಾರಿ ವಹಿಸಿಕೊಂಡರು. ಮಂಕಾದವನ್ನು ಸೂಜಿಯ ಬಳಿಯಿಂದ ತೆಗೆದು ನೆಲಕ್ಕೆ, ನೆಲದ ಮೇಲಿನ ಗಟ್ಟಿಯದನ್ನು ಸೂಜಿಗೆ. ನಡುಗುವ ಕೈಯಲ್ಲಿ ಕಡ್ಡಿ ಹಿಡಿದಾಗ ಗೋಡೆಯ ಮೇಲಿನ ನೆರಳುಗಳೆಲ್ಲ ನಡುಗುತ್ತಿದ್ದವು.

ಮುಗಿದ ಟೆಂಟುಗಳನ್ನು ಕ್ಯಾಪ್ಟನ್ ಒಂದೊಂದಾಗಿ ಹೊತ್ತೊಯ್ದು ವ್ಯಾನಿಗೆ ಹಾಕಿ ಮೈದಾನಕ್ಕೆ ಕಳಿಸಿ ಬರುತ್ತಿದ್ದರು. ಪ್ರತಿ ಸಲ ಬಂದಾಗ ಆಕಾಶದ ಸುದ್ದಿ ತರುತ್ತಿದ್ದರು. ಆರನೆಯದಾದಾಗ ಮೋಡ. ಎಂಟಾದಾಗ ಗಾಳಿ. ಹತ್ತನೆಯದಾದಾಗ, "ದೂರದಲ್ಲಿ ಗುಡುಗ್ತಾ ಇದೆ" ಎಂದರು.

ಹನ್ನೊಂದನೆಯದು ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಹಳೆಯದು. ಇಸ್ತ್ರಿಯವಳಿಗೂ ಕೂಸಿಗೂ ಅದೇ. ಅದರ ನಡುಹೊಲಿಗೆ ಪೂರ್ತಿ ಬಿಟ್ಟುಕೊಂಡಿತ್ತು; ಬಿಚ್ಚಿ ಮತ್ತೆ ಹಾಕಬೇಕು. ಅರ್ಧ ಹಾಕುವಷ್ಟರಲ್ಲಿ ಸೂಜಿ ಕಾಣಿಸದಾಯಿತು. ಅವಳು ಮುಖವನ್ನು ಇನ್ನಷ್ಟು ಹತ್ತಿರ ತಂದಳು. ಬೆರಳು ಸೂಜಿಯ ಕೆಳಗೆ ಹೋಗುವಷ್ಟು ಹತ್ತಿರ. ಆಮೇಲೆ ಕಾಲು ನಿಲ್ಲಿಸಿದಳು.

ಮಾವ ಉಳಿದ ಕಡ್ಡಿಗಳನ್ನೆಲ್ಲ ಅವಳ ಮಡಿಲಿಗೆ ಸುರಿದರು. ಅವಳ ಕೈಗೆ ಕಟ್ಟಿದ್ದೂ ಸೇರಿ ಜೀವ ಇದ್ದದ್ದು ಒಂಬತ್ತಕ್ಕೆ. ಅವೂ ಬೂದಿ ಮುಚ್ಚಿದ ಕೆಂಡದಂತೆ, ಇದ್ದೂ ಇಲ್ಲದಂತೆ. ಹೀಗೇ ಬಿಟ್ಟರೆ ಇನ್ನೂ ಎರಡು ತಾಸು ಹೀಗೇ ಮಿಣುಗುತ್ತಿರುತ್ತವೆ. ಯಾವ ಕೆಲಸಕ್ಕೂ ಬರದೆ.

ಅವಳು ಫ್ಲಾಸ್ಕಿನ ಕಡೆ ನೋಡಿದಳು. ಇಪ್ಪತ್ತು ವರ್ಷ ಚಳಿಯಲ್ಲಿಟ್ಟು ನಿದ್ದೆ ಮಾಡಿಸಿದವಳು ಅವಳು. ಅದರ ಇನ್ನೊಂದು ಮಗ್ಗುಲೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಎಂದೂ ಕೈ ಬಂದಿರಲಿಲ್ಲ.

"ಮಾವ, ನೀರು ಎಷ್ಟು ಬಿಸಿ ಇದೆ?"

ಮಾವನಿಗೆ ಅರ್ಥವಾಯಿತು. ಮುಚ್ಚಳ ತೆಗೆದು ಆವಿಗೆ ಕೈಯೊಡ್ಡಿದರು. "ಸಾಕಷ್ಟಿದೆ. ಆದರೆ ಗೊತ್ತಲ್ಲ, ಹೆಚ್ಚು ಅಂದರೆ ಕಾಲು ತಾಸು. ಆಮೇಲೆ ಯಾವ ಫ್ರಿಜ್ಜಿಗೂ ಬರಲ್ಲ."

"ಎಲ್ಲಾ ಒಂದೇ ಸಲಕ್ಕಾ?" ಎಂದರು ಕ್ಯಾಪ್ಟನ್. "ಹೊಲಿಗೆ ಮುಗಿಯೋ ಮೊದಲೇ ಆರಿಹೋದರೆ?"

"ಆರಿಹೋಗತ್ವೆ ಸಾರ್."

ಗುಂಡಿಗಳನ್ನು ಹಾಕಿಡುತ್ತಿದ್ದ ಗಾಜಿನ ಭರಣಿ ಖಾಲಿ ಮಾಡಿ ಸೂಜಿಯ ಪಕ್ಕ ಇಟ್ಟಳು. ಎಂಟು ಕಡ್ಡಿ ಅದರೊಳಗಿಟ್ಟಳು. ಕೈಗೆ ಕಟ್ಟಿದ್ದ ಒಂಬತ್ತನೆಯದನ್ನು ಬಿಚ್ಚಲು ಪುರಸೊತ್ತಾಗಲಿಲ್ಲ. ಮಾವ ಎರಡು ಕೈಯಿಂದ ಫ್ಲಾಸ್ಕು ಹಿಡಿದು ನೀರು ಸುರಿದರು.

ಮೊದಲು ಏನೂ ಆಗಲಿಲ್ಲ. ಆಮೇಲೆ ಭರಣಿಯ ತಳದಿಂದ ಬೆಳಕು ಏರಿತು, ನೀರು ಏರಿದ ಹಾಗೆಯೇ. ಹಸಿರು ಬೆಳ್ಳಗಾಯಿತು. ಮಿಷನ್ನಿನ ತುಕ್ಕು, ಮಾವನ ಗಲ್ಲದ ಬಿಳಿ ಕೂದಲು, ಕ್ಯಾಪ್ಟನ್ನರ ತಪ್ಪಿದ ಗುಂಡಿ, ಗೋಡೆಯ ಮೇಲೆ ಇಪ್ಪತ್ತು ವರ್ಷದ ಹಿಂದೆ ಅವಳೇ ಸುಣ್ಣದಲ್ಲಿ ಬರೆದಿದ್ದ ಅಳತೆಗಳು, ಎಲ್ಲ ಒಂದೊಂದಾಗಿ ಬಂದು ನಿಂತವು. ಹೊಸ ಕಡ್ಡಿಯೂ ಹಾಗೆ ಬೆಳಗಿದ್ದನ್ನು ಅವಳು ನೋಡಿರಲಿಲ್ಲ. ನೋಡುತ್ತ ಕೂರಲು ಸಮಯವೂ ಇರಲಿಲ್ಲ. ತುಳಿದಳು. ಒಂದು ಸಾಲು ಕೊನೆ ಮುಟ್ಟಿತು, ಬಟ್ಟೆ ತಿರುಗಿಸಿದಳು, ಎರಡನೆಯ ಸಾಲು. ಮಾವ ಫ್ಲಾಸ್ಕು ಬರಿದಾಗುವ ತನಕ ನೀರು ಬದಲಿಸುತ್ತಿದ್ದರು. ಕೊನೆಯ ಗೇಣಿಗೆ ಬಂದಾಗ ಭರಣಿಯೊಳಗೆ ಒಂದೊಂದೇ ಕಡ್ಡಿ ಕಣ್ಣು ಮುಚ್ಚತೊಡಗಿತು. ಗಂಟು ಹಾಕಿ ದಾರ ಕಡಿಯುವಾಗ ಅವಳಿಗೆ ಬಾಯಿಗೂ ದಾರಕ್ಕೂ ನಡುವೆ ಏನೂ ಕಾಣಲಿಲ್ಲ. ನಾಲಿಗೆಗೆ ಸಿಕ್ಕಿದ ಕಡೆ ಕಚ್ಚಿದಳು.

"ಆಯ್ತಾ?" ಎಂದು ಕತ್ತಲೆ ಕೇಳಿತು, ಮಾವನ ದನಿಯಲ್ಲಿ.

"ಆಯ್ತು ಮಾವ."

ವ್ಯಾನಿನಲ್ಲಿ ಅವಳೂ ಹೋದಳು. ಮೈದಾನದಲ್ಲಿ ಮೊದಲಿನ ಐದರ ಪಕ್ಕ ಹತ್ತು ಟೆಂಟುಗಳು ಎದ್ದು ನಿಂತಿದ್ದವು. ಹನ್ನೊಂದನೆಯದರ ಕೊನೆಯ ಗೂಟ ಹೊಡೆಯುವಾಗ ಮೊದಲ ಹನಿ ಬಿತ್ತು. ಇಸ್ತ್ರಿಯವಳು ಕೂಸನ್ನು ಎದೆಗವಚಿಕೊಂಡು ಒಳಗೆ ನುಗ್ಗಿದಳು. ಮಳೆ ಧೋ ಎಂದು ಸುರಿಯತೊಡಗಿತು. ಟೆಂಟಕ್ಕ ಅವಳ ಹಿಂದೆಯೇ ಒಳಗೆ ತೆವಳಿದಳು. ಕುಳಿತಲ್ಲಿಂದಲೇ ಕೈಯೆತ್ತಿ, ನಡುಹೊಲಿಗೆಯ ಕೆಳಗೆ ಅಂಗೈ ಒಡ್ಡಿದಳು. ಈ ತುದಿಯಿಂದ ಆ ತುದಿಯವರೆಗೆ, ನಿಧಾನವಾಗಿ.

"ಏನಕ್ಕಾ ನೋಡ್ತಿದ್ದೀರಿ?"

"ಸ್ವಲ್ಪ ಇರಮ್ಮಾ."

ಅಂಗೈಯಿಂದ ಎರಡು ಬೆರಳು ಮೇಲೆ ಮಳೆ ಬಡಿಯುತ್ತಿತ್ತು. ಬಟ್ಟೆ ಅದುರುವುದು ಚರ್ಮಕ್ಕೆ ತಿಳಿಯುತ್ತಿತ್ತು. ಎಷ್ಟು ಸಾವಿರ ಗಜ ಹೊಲಿದಿದ್ದಳೋ, ಹೊಲಿಗೆಯ ಇನ್ನೊಂದು ಮಗ್ಗುಲಲ್ಲಿ ಮಳೆ ನಿಂತಿರುವಾಗ ಈ ಮಗ್ಗುಲಲ್ಲಿ ಕೂತದ್ದು ಇದೇ ಮೊದಲು. ಅಷ್ಟು ದೊಡ್ಡ ಆಕಾಶವನ್ನು ಇಷ್ಟು ತೆಳುವಾದ ದಾರ ಹಿಡಿದು ನಿಲ್ಲಿಸಿತ್ತು.

ಅಂಗೈ ಒಣಗಿಯೇ ಇತ್ತು.

ಕೈ ಇಳಿಸುವಾಗ ಮಣಿಕಟ್ಟಿನಲ್ಲಿ ಏನೋ ಕಂಡಿತು. ನೆಲಮಾಳಿಗೆಯಲ್ಲಿ ಸತ್ತೇಹೋಯಿತೆಂದುಕೊಂಡಿದ್ದ ಕಡ್ಡಿ, ಮೈಯ ಬಿಸಿಗೆ ಇನ್ನೂ ಹಿಡಿದುಕೊಂಡಿತ್ತು. ಅಂಗೈಯ ಗೆರೆ ಕಾಣುವಷ್ಟು ಹಸಿರು. ಅವಳು ಅದನ್ನು ಬಿಚ್ಚಿ ಟೆಂಟಿನ ಮೂಲೆಯ ಕಿಸೆಯೊಳಗೆ ಇಳಿಬಿಟ್ಟಳು.

"ಇದು ಎಷ್ಟು ಹೊತ್ತು ಇರತ್ತೆ?" ಎಂದು ಇಸ್ತ್ರಿಯವಳು ಕೇಳಿದಳು.

"ಕೂಸು ನಿದ್ದೆ ಹೋಗುವಷ್ಟು."